ಫೋರ್ಡ್ 8ಎನ್ ಟ್ರ್ಯಾಕ್ಟರಿಗೆ ಹಳೆಯ ವಿ8 ಎಂಜಿನ್

ಹಳೆಯ ಟ್ರ್ಯಾಕ್ಟರಿಗೆ ಕಾರಿನ ಎಂಜಿನ್ ಕೂರಿಸುವ ಮಾತು ಬಂದಾಗಲೆಲ್ಲ ಎಲ್ಲರೂ ಮೊದಲು ವಿಚಾರಿಸುವುದು ಎಷ್ಟು ಅಶ್ವಶಕ್ತಿ ಹೆಚ್ಚುತ್ತದೆ ಎಂಬುದನ್ನು. ಫೋರ್ಡ್ 8ಎನ್ ಟ್ರ್ಯಾಕ್ಟರಿಗೆ ಅದೇ ಕಾಲದ ಫ್ಲಾಟ್‌ಹೆಡ್ (ಕವಾಟಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗಿರುವ) ವಿ8, ಅಂದರೆ 'V' ಆಕಾರದಲ್ಲಿ ಎಂಟು ಸಿಲಿಂಡರುಗಳಿರುವ ಫೋರ್ಡ್ ಕಾರಿನ ಎಂಜಿನ್ ಜೋಡಿಸುವ ಕೆಲಸದಲ್ಲಿ ತೊಡಗಿರುವ ನನಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ ಎನಿಸುತ್ತದೆ.

ಇವೆರಡೂ ಪರಸ್ಪರ ಅಪರಿಚಿತವಲ್ಲ. 1939ರ 9ಎನ್ ಮಾದರಿಗೆಂದು ರೂಪಿಸಿದ ನಾಲ್ಕು ಸಿಲಿಂಡರಿನ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) ಮತ್ತು ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಫೋರ್ಡ್‌ನದೇ ಮರ್ಕ್ಯುರಿ ಕಾರಿನ 239 ಘನ ಅಂಗುಲದ ವಿ8ನವೇ ಆಗಿದ್ದವು. ಗಾತ್ರ ಮಾತ್ರ ಅದರ ಅರ್ಧ. 1947ರಲ್ಲಿ ಬಂದ 8ಎನ್ ಕೂಡ ಇದೇ ಅಳತೆಯನ್ನು ಉಳಿಸಿಕೊಂಡಿತು. 1950ರ ಆಸುಪಾಸಿನಲ್ಲಿ ಕ್ಯಾನ್ಸಸ್‌ನ ಕಾಫಿವಿಲ್‌ನಲ್ಲಿದ್ದ, ಸಣ್ಣ ವಿಮಾನಗಳನ್ನು ತಯಾರಿಸಿದ್ದ ಫಂಕ್ ಸಂಸ್ಥೆಯು ಈ ಬದಲಾವಣೆಗೆ ಬೇಕಾದ ಬಿಡಿಭಾಗಗಳನ್ನೇ ಮಾರುತ್ತಿತ್ತು.

ನಿಜವಾದ ತೊಡಕು ಇರುವುದು ಟ್ರ್ಯಾಕ್ಟರಿನ ರಚನೆಯಲ್ಲಿ. ಕಾರಿನಲ್ಲಿ ಎಂಜಿನ್ ಚಾಸಿಯ ಮೇಲೆ ರಬ್ಬರ್ ಮೌಂಟುಗಳನ್ನು ಆಧರಿಸಿ ಕೂತಿರುತ್ತದೆ. 8ಎನ್‌ನಲ್ಲಿ ಪ್ರತ್ಯೇಕ ಚಾಸಿಯೇ ಇಲ್ಲ. ಮುಂದಿನ ಆಕ್ಸಲ್, ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಇವು ಒಂದಕ್ಕೊಂದು ಬೋಲ್ಟ್‌ಗಳಿಂದ ಬೆಸೆದುಕೊಂಡಿರುವುದರಿಂದ ಎಂಜಿನ್ನೇ ಗಾಡಿಯ ಬೆನ್ನೆಲುಬು. ಕಾರಿನ ಎಂಜಿನ್ನಿನ ತಳದಲ್ಲಿರುವ ತೆಳು ತಗಡಿನ ಆಯಿಲ್ ಪ್ಯಾನ್ ಈ ಭಾರವನ್ನು ತಡೆಯಲಾರದು. ಆದ್ದರಿಂದ ಬೀಡುಕಬ್ಬಿಣದ ಎರಕದ ಪ್ಯಾನ್ ಬೇಕು, ಇಲ್ಲವೇ ಎರಡೂ ಬದಿಗೆ ಗಟ್ಟಿಯಾದ ಉಕ್ಕಿನ ಪಟ್ಟಿಗಳನ್ನು ಕೊಟ್ಟು ಆಕ್ಸಲ್ಲಿನ ಹೊರೆಯನ್ನು ನೇರವಾಗಿ ಗೇರ್‌ಬಾಕ್ಸಿಗೆ ಸಾಗಿಸಬೇಕು. ನಾನು ಎರಡನೆಯ ದಾರಿ ಹಿಡಿದಿದ್ದೇನೆ, ಏಕೆಂದರೆ ಹಳೆಯ ಎರಕಗಳು ಸಿಗುವುದು ಅಪರೂಪ.

ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಕೂಡಿಸುವ ಅಡಾಪ್ಟರ್ ಪ್ಲೇಟಿನ ವಿಷಯದಲ್ಲಿ ಅವಸರ ಸಲ್ಲದು. ಕ್ರ್ಯಾಂಕ್‌ಶಾಫ್ಟಿನ ನಡುಗೆರೆಯೂ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ನಡುಗೆರೆಯೂ ಒಂದೇ ಆಗಿರಬೇಕು. ಮಿಲಿಮೀಟರಿನ ಸಣ್ಣ ಭಾಗದಷ್ಟು ಓರೆಯಾದರೂ ಇನ್‌ಪುಟ್ ಶಾಫ್ಟಿನ ತುದಿಯನ್ನು ಹಿಡಿದಿರುವ ಪೈಲಟ್ ಬೇರಿಂಗ್ ಮತ್ತು ಕ್ಲಚ್ ಬೇಗನೆ ಸವೆಯುತ್ತವೆ. ಸೂಕ್ಷ್ಮ ಅಂತರ ಅಳೆಯುವ ಡಯಲ್ ಗೇಜ್ ಇಟ್ಟು ನೋಡದೆ ಬೋಲ್ಟ್ ಬಿಗಿಯುವವರ ಧೈರ್ಯ ನನಗಿಲ್ಲ. ವೈರಿಂಗ್ ಮಾತ್ರ ಸುಲಭ, ಆ ಕಾಲದ ಫೋರ್ಡ್ ಕಾರೂ ಈ ಟ್ರ್ಯಾಕ್ಟರೂ 6 ವೋಲ್ಟಿನ ಪಾಸಿಟಿವ್ ಅರ್ತ್ (ಬ್ಯಾಟರಿಯ ಧನ ತುದಿ ಗಾಡಿಯ ಲೋಹಕ್ಕೆ ಸೇರುವ) ವ್ಯವಸ್ಥೆಯವು.

ಇನ್ನು ಗವರ್ನರ್. ಕಾರಿನಲ್ಲಿ ವೇಗವನ್ನು ಕಾಯುವುದು ಚಾಲಕನ ಕಾಲು; ಉಳುಮೆಯಲ್ಲಿ ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಾಗ ಥ್ರಾಟಲ್ ತೆರೆದು, ಸಡಿಲಾದಾಗ ಮುಚ್ಚಿ, ಸುತ್ತುಗಳನ್ನು ಸ್ಥಿರವಾಗಿಡುವುದು ಗವರ್ನರ್. ಬೆಲ್ಟಿನಿಂದ ತಿರುಗುವ ಗವರ್ನರನ್ನು ಕಾರ್ಬುರೇಟರಿಗೆ ಜೋಡಿಸದಿದ್ದರೆ ಪಿಟಿಒದಿಂದ (ಟ್ರ್ಯಾಕ್ಟರಿನ ಹಿಂದೆ ಉಪಕರಣಗಳಿಗೆ ಶಕ್ತಿ ಕೊಡುವ ತಿರುಗು ಶಾಫ್ಟಿನಿಂದ) ನಡೆಯುವ ಯಾವ ಉಪಕರಣವನ್ನೂ ನೆಮ್ಮದಿಯಿಂದ ಬಳಸಲಾಗದು. ಫ್ಲಾಟ್‌ಹೆಡ್‌ನಲ್ಲಿ ಹೊಗೆಯ ದಾರಿಗಳು ಬ್ಲಾಕಿನೊಳಗೇ ಹಾದುಹೋಗುವುದರಿಂದ ನೀರು ಬೇಗ ಕಾಯುತ್ತದೆ; ನಿಧಾನವಾಗಿ ಚಲಿಸುವ ಟ್ರ್ಯಾಕ್ಟರಿಗೆ ಎದುರುಗಾಳಿಯ ನೆರವೂ ಇಲ್ಲ. ಹಾಗಾಗಿ ದೊಡ್ಡ ರೇಡಿಯೇಟರ್ ಅನಿವಾರ್ಯ.

ಅಶ್ವಶಕ್ತಿಯ ವಿಷಯಕ್ಕೆ ಬಂದರೆ, 1940ರ ದಶಕದ ಕೊನೆಯ ಈ ವಿ8 ತನ್ನ 100 ಅಶ್ವಶಕ್ತಿಯನ್ನು ಕೊಡುವುದು ನಿಮಿಷಕ್ಕೆ 3,800 ಸುತ್ತುಗಳಲ್ಲಿ. ಅಷ್ಟು ತಿರುಗಿಸಿದರೆ ನಾಲ್ಕನೇ ಗೇರಿನಲ್ಲಿ ಗಂಟೆಗೆ 19 ಕಿಲೋಮೀಟರ್ ಆಸುಪಾಸಿನಲ್ಲಿ ಓಡುತ್ತಿದ್ದ ಗಾಡಿಯ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಆದರೆ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಎಂಜಿನ್ನಿನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) ಸಿಗುವುದು 2,000 ಸುತ್ತುಗಳ ಹತ್ತಿರವಾದ್ದರಿಂದ ಗವರ್ನರಿನ ಮಿತಿಯನ್ನು ಅಲ್ಲಿಗೇ ನಿಲ್ಲಿಸುವುದೆಂದು ನಿರ್ಧರಿಸಿದ್ದೇನೆ. ಮೊದಲಿನ ಎಂಜಿನ್ನಿನ ಹೆಚ್ಚುಕಡಿಮೆ ಎರಡರಷ್ಟು ಟಾರ್ಕ್ ಅಲ್ಲಿ ಸಿಗುತ್ತದೆ, ಹಳೆಯ ಗೇರುಗಳಿಗೆ ಅದೇ ಹೆಚ್ಚಾಯಿತು.