ಗಂಡು ಗೋಲ್ಡ್‌ಫಿಶ್‌ಗೆ ಬಂದ ಬಿಳಿ ಚುಕ್ಕಿ, ನಾ ಹಾಕಿದ ನೀಲಿ ಔಷಧ

ಹೋದ ವರ್ಷ ಶರಣಬಸವೇಶ್ವರ ಜಾತ್ರಿ ಮುಗ್ದು ಒಂದು ವಾರ ಆಗಿತ್ತು, ಮುಂಜಾನಿ ಮೀನಿಗೆ ಕಾಳು ಹಾಕ್ಲಾಕ ಹೋದಾಗ ನಮ್ಮ ಗಂಡು ಒರಾಂಡಾ ಜಾತಿ ಗೋಲ್ಡ್‌ಫಿಶ್‌ನ ಕಿವಿರು ಮುಚ್ಚಳದ ಮ್ಯಾಲ ಬಿಳಿ ಬಿಳಿ ಚುಕ್ಕಿ ಕಂಡ್ವು, ಖರೆ ಹೇಳ್ಬೇಕಂದ್ರ ಯಾರೋ ಗಸಗಸಿ ಉದುರಿಸಿದಂಗ. ಎದಿ ಧಸಕ್ ಅಂತು. ಫೋಟೋ ತಕ್ಕೊಂಡು ಅಂಗಡಿಗೆ ಓಡ್ದೆ, ಅಂಗಡಿಯವ್ರು ಫೋಟೋ ಒಂದ್ಸಲ ನೋಡಿ "ವೈಟ್ ಸ್ಪಾಟ್ ಅದರಿ, ಮಿಥಿಲೀನ್ ಬ್ಲೂ ಹಾಕ್ರಿ, ಎಲ್ಲಾ ಬರೋಬರಿ ಆಗ್ತದ" ಅಂತ ಬಾಟ್ಲಿ ಕೈಯಾಗ ಕೊಟ್ರು. ನಾನೂ ಮನಿಗೆ ಬಂದು ಟ್ಯಾಂಕಿಗೇ ಹಾಕ್ಬಿಟ್ಟೆ.

ಆ ಮೀನಿಗೆ ಏನೂ ಆಗಿದ್ದಿಲ್ಲ. ಇದು ನಂಗ ಗೊತ್ತಾಗೋದ್ರಾಗ ನಮ್ಮ ಹೆಣ್ಣು ಮೀನು ಸತ್ತುಹೋಗಿತ್ತು. ಅದ್ಕೇ ಇದನ್ನ ಬರೀಲಕತ್ತೀನಿ, ಇನ್ನೊಬ್ರ ಮನ್ಯಾಗ ಹಿಂಗ ಆಗಬಾರ್ದು.

ಗಂಡು ಗೋಲ್ಡ್‌ಫಿಶ್ ಬೆದಿಗೆ ಬಂದಾಗ ಅದರ ಕಿವಿರು ಮುಚ್ಚಳದ ಮ್ಯಾಲ, ಮತ್ತ ಎದಿ ಹತ್ರ ಇರೋ ಜೋಡಿ ರೆಕ್ಕಿಯ ಮುಂದಿನ ದಪ್ಪ ಎಳಿ ಮ್ಯಾಲ ಸಣ್ಣ ಬಿಳಿ ಗುಳ್ಳಿ ಏಳ್ತಾವ. ಚಳಿ ಹೋಗಿ ಬಿಸಿಲು ಶುರು ಆಗೋ ಟೈಮಿಗೆ ಹೆಚ್ಚು, ಅಂದ್ರ ನಮ್ಮ ಕಲಬುರಗಿಯಾಗ ಬರೋಬರಿ ಜಾತ್ರಿ ಹೊತ್ತಿಗೆ. ಗುಳ್ಳಿ ಸಾಲಾಗಿ, ಎರಡೂ ಕಡಿ ಒಂದೇ ನಮೂನಿ ಇರ್ತಾವ, ಮೈ ಮ್ಯಾಲಾಗ್ಲಿ ಬಾಲಕ್ಕಾಗ್ಲಿ ಚದುರಿರೋದಿಲ್ಲ. ಮೀನು ಚಲೋ ತಿಂತದ, ಹೆಣ್ಣಿನ ಹಿಂದ ಓಡ್ತದ. ಖರೇ ವೈಟ್ ಸ್ಪಾಟ್ ಬ್ಯಾರೆ. ಅದು ಇಕ್ತಿಯೋಫ್ತಿರಿಯಸ್ ಅನ್ನೋ ಒಂದೇ ಕೋಶದ ಪರಾವಲಂಬಿ ಜೀವಿ, ಅದರ ಚುಕ್ಕಿ ಉಪ್ಪು ಉದುರಿಸಿದಂಗ ಮೈ, ಬಾಲ, ರೆಕ್ಕಿ ಎಲ್ಲಾ ಕಡಿ ಬೇಕಾದಂಗ ಬೀಳ್ತಾವ, ದಿನದಿಂದ ದಿನಕ್ಕ ಹೆಚ್ಚಾಗ್ತಾವ, ಮೀನು ರೆಕ್ಕಿ ಮೈಗೆ ಅಂಟಿಸ್ಕೊಂಡು ಮೂಲ್ಯಾಗ ಕೂಡ್ತದ, ಕಲ್ಲಿಗೆ ಮೈ ಉಜ್ತದ. ನಮ್ಮ ಮೀನು ಒಂದ್ಸಲನೂ ಮೈ ಉಜ್ಜಿದ್ದಿಲ್ಲ. ನಾ ಐದು ನಿಮಿಷ ಟ್ಯಾಂಕ್ ಮುಂದ ಸುಮ್ನ ಕುಂತು ನೋಡಿದ್ರ ಸಾಕಿತ್ತು.

ಈಗ ಔಷಧ ಏನು ಮಾಡ್ತು ಅಂತ ಹೇಳ್ತೀನಿ. ಫಿಲ್ಟರಿನ ಸ್ಪಂಜಿನಾಗ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇರ್ತಾವ, ಮೀನಿನ ಹೊಲಸಿನಿಂದ ಮತ್ತ ಕಿವಿರಿನಿಂದ ಬರೋ ಅಮೋನಿಯಾನ ಅವು ಮೊದ್ಲ ನೈಟ್ರೈಟ್ ಮಾಡ್ತಾವ, ಆಮ್ಯಾಲ ಅಷ್ಟು ತ್ರಾಸಿಲ್ಲದ ನೈಟ್ರೇಟ್ ಮಾಡ್ತಾವ. ಮಿಥಿಲೀನ್ ಬ್ಲೂ ಈ ಬ್ಯಾಕ್ಟೀರಿಯಾಕ್ಕೂ ವಿಷ, ಅವು ಸತ್ರ ಮೀನಿಗೆ ವಿಷ ಆಗೋ ಅಮೋನಿಯಾ ನೀರಾಗೇ ಉಳೀತದ. ಅದ್ಕ ಅದನ್ನ ಬ್ಯಾರೆ ಬಕೀಟಿನಾಗ, ಫಿಲ್ಟರ್ ಇಲ್ಲದ ಕಡಿ ಮಾತ್ರ ವಾಪರಸಬೇಕು. ಮೂರನೇ ದಿನಕ್ಕ ಎರಡೂ ಮೀನು ಮ್ಯಾಲ ಬಂದು ಬಾಯಿ ತಕ್ಕೊಂಡು ಗಾಳಿ ಹೀರ್ಲಕತ್ವು. ರೋಗ ಹೆಚ್ಚಾಯ್ತು ಅನ್ಕೊಂಡು ನಾ ಇನ್ನೊಂದಿಷ್ಟು ಔಷಧ ಹಾಕ್ದೆ. ಹೆಣ್ಣಿನ ಬಾಲದಾಗ ಕೆಂಪು ದಾರದಂಥ ಗೆರಿ ಎದ್ದಿದ್ವು. ಮರುದಿನ ಮುಂಜಾನಿ ಅದು ಫಿಲ್ಟರ್ ಪೈಪಿನ ಬಾಜೂಕ ಅಡ್ಡ ಬಿದ್ದಿತ್ತು. ನಮ್ಮ ಅವ್ವ ಅದನ್ನ ಕೈಯಾರೆ ತಕ್ಕೊಂಡು ತುಳಸಿ ಕಟ್ಟಿ ಹಿಂದ ಮಣ್ಣು ಮಾಡಿದ್ಳು, ಆವತ್ತು ಮಧ್ಯಾಹ್ನ ಯಾರಿಗೂ ಸರಿ ಊಟ ಹೋಗ್ಲಿಲ್ಲ.

ಸಂಜಿಗೆ ಗೆಳೆಯ ಒಬ್ಬ ಟೆಸ್ಟ್ ಕಿಟ್ ತಂದ. ಗಾಜಿನ ನಳಿಗಿಯಾಗ ಟ್ಯಾಂಕಿನ ನೀರು ಹಾಕಿ, ಎರಡು ಬಾಟ್ಲಿ ಹನಿ ಬಿಟ್ಟು ಅಲ್ಲಾಡಿಸಿ ಐದು ನಿಮಿಷ ಇಟ್ವಿ. ಅಮೋನಿಯಾ ಇಲ್ಲ ಅಂದ್ರ ನಿಂಬಿಹಣ್ಣಿನ ಹಳದಿ ಬಣ್ಣ ಬರಬೇಕು, ನಮ್ದು ಔಷಧದ ನೀಲಿ ಬಿಟ್ಟು ನೋಡಿದ್ರೂ ದಟ್ಟ ಹಸರು. ಔಷಧದ ನೀಲಿಗೇ ಹಂಗ ಕಾಣ್ಲಕತ್ತದೇನೋ ಅಂತ ಡೌಟ್ ಬಂದು, ಅರ್ಧ ನೀರು ಬದಲಿ ಮಾಡಿ ಮತ್ತ ನೋಡಿದ್ವಿ, ಆವಾಗೂ ಹಸರೇ.

ನಮ್ಮ ಕಡಿ ಈ ಅಮೋನಿಯಾ ಇನ್ನೂ ಜಾಸ್ತಿ ತ್ರಾಸ ಕೊಡ್ತದ, ಯಾಕಂದ್ರ ನಮ್ಮನಿ ಬೋರಿನ ನೀರು ಗಡಸು, ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನೋ ಅಳತಿ) 8ರ ಮ್ಯಾಲ. ಪಿಎಚ್ ಒಂದು ಪಾಯಿಂಟ್ ಏರಿದ್ರ ಅಮೋನಿಯಾದಾಗಿನ ವಿಷದ ಪಾಲು ಸುಮಾರು ಹತ್ತು ಪಟ್ಟು ಆಗ್ತದ, ನೀರು ಬಿಸಿ ಆದ್ರೂ ಏರ್ತದ. ಅದರ ಮ್ಯಾಲ ಬಿಸಿ ನೀರಾಗ ಆಕ್ಸಿಜನ್ ಕಮ್ಮಿ, 20 ಡಿಗ್ರಿಗೆ ಲೀಟರಿಗೆ 9 ಮಿಲಿಗ್ರಾಂ ಹಿಡಿಯೋ ನೀರು 30 ಡಿಗ್ರಿಗೆ ಏಳೂವರೆ ಅಷ್ಟೇ ಹಿಡೀತದ. ಏಪ್ರಿಲ್ ಮೇನಾಗ ಮನಿ ಮ್ಯಾಲಿನ ಸಿಂಟೆಕ್ಸ್ ನೀರು ಮುಟ್ಲಾಕ ಆಗಂಗಿಲ್ಲ, ಅದ್ರಾಗ ಕರೆಂಟ್ ಹೋದ್ರ ಏರ್ ಪಂಪೂ ಬಂದ್. ಬ್ಯಾಟರಿ ಪಂಪ್ ಒಂದು ಮನ್ಯಾಗ ಇರ್ಲೇಬೇಕ್ರಿ.

ಗಂಡು ಉಳೀತು. ಹೆಂಗ ಅಂದ್ರ ಔಷಧ ಪೂರ್ತಿ ನಿಲ್ಲಿಸಿ, ದಿನಾ ಮೂರನೇ ಒಂದು ಪಾಲು ನೀರು ಬದಲಿ ಮಾಡ್ದೆ. ಕಾರ್ಪೊರೇಷನ್ ನೀರಾದ್ರ ಆಂಟಿ ಕ್ಲೋರಿನ್ ಹಾಕಿ, ಟ್ಯಾಂಕಿನ ನೀರಿನಷ್ಟೇ ಬಿಸಿ ಇರೋದು ನೋಡ್ಕೊಂಡು ಹಾಕ್ತಿದ್ದೆ. ಎರಡು ದಿನ ಕಾಳು ಬಂದ್, ಆಮ್ಯಾಲ ಚಿಟಿಕಿಯಷ್ಟು. ಗೆಳೆಯ ತನ್ನ ಹಳೇ ಟ್ಯಾಂಕಿನ ಸ್ಪಂಜು ಅರ್ಧ ಕತ್ತರಿಸಿ ಕೊಟ್ಟ, ಅದು ನಮ್ಮ ಫಿಲ್ಟರಿಗೆ ಜೀವ ಕೊಡ್ತು, ಅವನ ಉಪಕಾರ ಮರೆಯಂಗಿಲ್ಲ. ನೈಟ್ರೈಟ್ ಏರಿದಾಗ ಲೀಟರಿಗೆ 1 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕ್ದೆ, ಉಪ್ಪಿನಾಗಿರೋ ಕ್ಲೋರೈಡ್ ನೈಟ್ರೈಟ್‌ನ ಕಿವಿರಿನ ಒಳಗ ಹೋಗ್ಲಾಕ ಬಿಡಂಗಿಲ್ಲ. ಮೂರು ವಾರ ಹಿಡೀತು. ಸುಧಾರಿಸೋ ಮುಂದ ಬೆನ್ನ ಮ್ಯಾಲ, ರೆಕ್ಕಿ ತುದಿಗೆ ಮಸಿ ಬಳಿದಂಗ ಕರೀ ಮಚ್ಚಿ ಬಂದ್ವು, ನೋಡಿ ಮತ್ತ ಹೆದರ್ದೆ, ಆದ್ರ ಅಮೋನಿಯಾದಿಂದ ಸುಟ್ಟ ಚರ್ಮ ಮಾಯೋ ಮುಂದ ಗೋಲ್ಡ್‌ಫಿಶ್‌ಗೆ ಹಂಗ ಬರ್ತದಂತ, ಒಂದು ತಿಂಗಳಿಗೆ ತಾವೇ ಹೋದ್ವು.

ಖರೇ ವೈಟ್ ಸ್ಪಾಟೂ ನಾ ನೋಡೀನಿ, ಡಿಸೆಂಬರ್ ಚಳಿಗೆ, ಹೊಸಾ ಮೀನು ತಂದು ಸೀದಾ ಬಿಟ್ಟಾಗ. ಅದಕ್ಕ ಔಷಧ ಬೇಕು, ಆದ್ರ ಮೈ ಮ್ಯಾಲಿನ ಚುಕ್ಕಿ ಒಳಗ ಔಷಧ ಹೋಗಂಗಿಲ್ಲ, ಚುಕ್ಕಿ ಉದುರಿ ಕೆಳಗ ಬಿದ್ದು, ಒಡದು ನೂರಾರು ಮರಿ ನೀರಾಗ ಈಜೋ ಮುಂದಷ್ಟೇ ಸಾಯ್ತಾವ. ಅದ್ಕ ಚುಕ್ಕಿ ಹೋದ್ವು ಅಂತ ಮೂರೇ ದಿನಕ್ಕ ಔಷಧ ನಿಲ್ಲಿಸಿದವ್ರಿಗೆ ವಾರದಾಗ ಮತ್ತ ಬರ್ತದ. ಚಳ್ಯಾಗ ಅದರ ಸುತ್ತು ಉದ್ದ, ಅಷ್ಟು ದಿನ ಔಷಧನೂ ಉದ್ದ. ಬಾಯಿ ಸುತ್ತ ಹತ್ತಿ ಅರಳಿ ಹಂಗ ಬಂದ್ರ ಎಲ್ರೂ ಫಂಗಸ್ ಅಂತಾರ, ಬಾಳ ಸಲ ಅದು ಕಾಲಮ್ನಾರಿಸ್ ಬ್ಯಾಕ್ಟೀರಿಯಾ, ಅದ್ಕ ನೀರು ಬಿಸಿ ಮಾಡಿದ್ರ ಇನ್ನೂ ಜೋರಾಗ್ತದ. ಮೀನಿನ ಹುರುಪಿ ಎಲ್ಲಾ ಸೀತಾಫಲದ ಸಿಪ್ಪಿ ಹಂಗ ಎದ್ದು ಹೊಟ್ಟಿ ಉಬ್ಬಿದ್ರ ಒಳಗಿನ ಮೂತ್ರಪಿಂಡ ಕೆಟ್ಟಿರ್ತದ, ಉಳಿಯೋದು ಬಾಳ ಕಮ್ಮಿ.

ಈಗ ಹೊಸಾ ಮೀನು ಬಂದ್ರ ನಾಕು ವಾರ ಬ್ಯಾರೆ ಟಬ್ಬಿನಾಗ ಇಡ್ತೀನಿ. ಮೀನು ಸಪ್ಪಗಾದ್ರ ಮೊದ್ಲ ನೀರು ಟೆಸ್ಟ್, ಆಮ್ಯಾಲ ಕುಂತು ನೋಡೋದು, ಆಮ್ಯಾಲೇ ಔಷಧದ ಮಾತು. ಸ್ಪಂಜು ತೊಳೆಯೋದೂ ಟ್ಯಾಂಕಿನಿಂದ ತೆಗೆದ ನೀರಾಗೇ, ನಳದ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾನ ಕೊಲ್ತದ.

ಹೋದ ವಾರ ಅವ್ವ ಅಡಗಿ ಮನಿಯಿಂದ ಬರೋ ಮುಂದ ಟ್ಯಾಂಕ್ ನೋಡಿ ನಿಂತ್ಳು. "ಏ ತಮ್ಮಾ, ಮತ್ತ ಚುಕ್ಕಿ ಬಂದಾವ ನೋಡೋ" ಅಂದ್ಳು, ದನಿಯಾಗ ಹೆದ್ರಿಕಿ ಇತ್ತು. ಟಾರ್ಚ್ ಹಿಡದು ಇಬ್ರೂ ಕುಂತು ನೋಡಿದ್ವಿ. ರೆಕ್ಕಿಯ ಮುಂದಿನ ಎಳಿ ಮ್ಯಾಲ ಮುತ್ತು ಪೋಣಿಸಿದಂಗ ಸಾಲಾಗಿದ್ವು, ಗಂಡು ಹೊಸಾ ಹೆಣ್ಣಿನ ಹಿಂದ ಬಿಡದಂಗ ಓಡ್ಲಕತ್ತಿತ್ತು. "ಏನೂ ಆಗಿಲ್ಲವ್ವಾ, ಚಲೋ ಅದ" ಅಂದೆ.