ಲಾಠಿ ಬೀಸಿದವ್ನು ಸಸ್ಪೆಂಡು, ಬೀಸು ಅಂದವ್ರು?

ಎಲ್ಲಾದ್ರೂ ಪೊಲೀಸ್ ಸಸ್ಪೆಂಡ್ ಆದ ಸುದ್ದಿ ಬಂತು ಅಂದ್ರೆ ನಮ್ಮನೇಲಿ ಎರಡು ಪಾರ್ಟಿ ಆಗತ್ತೆ. ಭಾವ ಹೆಡ್ ಕಾನ್ಸ್‌ಟೇಬಲ್, ಈ ಜಿಲ್ಲೆಯ ಕರಾವಳಿನೂ ಘಟ್ಟದ ಮೇಲಿನ ಸ್ಟೇಷನ್ನೂ ಎಲ್ಲಾ ಸುತ್ತಿ ಈಗ ಕಾರವಾರದಲ್ಲಿ ಇದ್ದಾರೆ, ಅವ್ರದ್ದು ಒಂದು ಪಾರ್ಟಿ. ಪೇಪರ್ ಓದಿ ತಲೆಬಿಸಿ ಮಾಡ್ಕೊಳ್ಳೋ ನಂದು ಇನ್ನೊಂದು. ಅಕ್ಕ ಯಾವ ಕಡೆನೂ ಇಲ್ಲ, ಬಂಗಡೆ ಸಾರು ತಣ್ಣಗಾಗತ್ತೆ ಉಣ್ಣಿ ಅಂತಾಳೆ ಅಷ್ಟೇ.

ಈ ಸಲ ಜಗಳ ಶುರುವಾಗಿದ್ದು ಭಾವನ ಬ್ಯಾಚಿನವ್ರೊಬ್ರ ವಿಷ್ಯಕ್ಕೆ. ಯಾವ ಸ್ಟೇಷನ್ ಅಂತ ಬರೆಯಲ್ಲ. ಗೋವಾ ಕಡೆಯಿಂದ ಬಾಟ್ಲಿ ತರ್ತಾರೆ ಅಂತ ರಾತ್ರಿ ಚೆಕಿಂಗ್ ಹಾಕಿದ್ರಂತೆ, ಒಂದು ಬೈಕ್ ನಿಲ್ಲಿಸ್ದೆ ಹೋಯ್ತು, ಇವ್ರು ಲಾಠಿ ಬೀಸಿದ್ರು, ಹುಡುಗನ ಭುಜಕ್ಕೆ ತಾಗ್ತು, ಹಿಂದೆ ಬರ್ತಿದ್ದ ಕಾರಿನವ್ರು ವಿಡಿಯೋ ಮಾಡಿದ್ರು. ಬೆಳಿಗ್ಗೆ ಎಲ್ಲಾ ವಾಟ್ಸಾಪ್ ಗ್ರೂಪಲ್ಲಿ ಅದೇ. ಸಂಜೆಗೆ ಆರ್ಡರ್ ಬಂತು, ಸಸ್ಪೆಂಡ್. ಅದಕ್ಕೂ ಮುಂಚೆ ವಾಕಿಟಾಕಿಲಿ 'ಒಂದ್ ಗಾಡಿನೂ ಬಿಡ್ಬೇಡಿ, ಬಿಟ್ರೆ ನೀವೇ ಜವಾಬ್ದಾರಿ' ಅಂದವ್ರು ಯಾರು ಅಂತ ಯಾರೂ ಕೇಳಿಲ್ಲ.

ನಾನು ಹೇಳ್ದೆ, ಭಾವ, ಓಡ್ತಿರೋ ಬೈಕಿಗೆ ಲಾಠಿ ಬೀಸೋದು ತಪ್ಪೇ, ಅದ್ರಲ್ಲಿ ಎರಡು ಮಾತಿಲ್ಲ. 2025ರ ಮೇನಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ಚೆಕಿಂಗ್ ಅಂತ ಬೈಕ್ ಅಡ್ಡ ಹಾಕಿ ಗಾಡಿ ಬಿದ್ದು ಪುಟ್ಟ ಮಗು ಸತ್ತೇ ಹೋಯ್ತಲ್ಲ, ಮೂರು ಜನ ಎಎಸ್‌ಐ ಸಸ್ಪೆಂಡ್ ಆದ್ರು, ಅದನ್ನ ಯಾರು ಬೇಡ ಅಂತಾರೆ. ನಂಬರ್ ಬರ್ಕೊಂಡು ಮನೆಗೇ ನೋಟಿಸ್ ಕಳ್ಸಿ. ಭಾವ ಒಪ್ಪಿದ್ರು, ಅಲ್ಲಿ ಅವ್ರಿಗೆ ತಕರಾರಿಲ್ಲ. 'ಶಿಕ್ಷೆ ಕೊಡ್ಲಿ ಮಾರಾಯಾ, ಆದ್ರೆ ಮೊದ್ಲು ವಿಚಾರಣೆ ಮಾಡಿ ಆಮೇಲೆ ಕೊಡ್ಲಿ. ನಮ್ದು ಉಲ್ಟಾ' ಅಂದ್ರು.

ಉಲ್ಟಾ ಅನ್ನೋದು ಸುಳ್ಳಲ್ಲ. ಸಸ್ಪೆನ್ಷನ್ ಶಿಕ್ಷೆನೇ ಅಲ್ಲ, ವಿಚಾರಣೆಗೆ ಅಡ್ಡಿ ಆಗ್ಬಾರ್ದು ಅಂತ ದೂರ ಇಡೋದು ಅಷ್ಟೇ ಅಂತ ರೂಲ್ ಹೇಳತ್ತೆ. ಆದ್ರೆ ಅರ್ಧ ಸಂಬಳದಲ್ಲಿ ಸೊಸೈಟಿ ಲೋನಿನ ಕಂತು, ಮಕ್ಕಳ ಫೀಸು ಕಟ್ಟೋ ಹೆಂಡ್ತಿ ಹತ್ರ ಹೋಗಿ ಇದು ಶಿಕ್ಷೆ ಅಲ್ಲ ಅಂತ ಹೇಳಿ ನೋಡಿ. ಆಮೇಲೆ ಡಿಇ ಶುರು, ಅಂದ್ರೆ ಇಲಾಖಾ ವಿಚಾರಣೆ. 1965ರ ಶಿಸ್ತು ನಡವಳಿ ನಿಯಮಗಳ ಪ್ರಕಾರ ಚಾರ್ಜ್ ಮೆಮೋ ಅಂದ್ರೆ ಆರೋಪ ಪಟ್ಟಿ, ಅದಕ್ಕೆ ಉತ್ತರ, ವಿಚಾರಣಾಧಿಕಾರಿ, ಸಾಕ್ಷಿ. ವಿಡಿಯೋ ಮಾಡ್ದವ್ರು ಸಾಕ್ಷಿ ಹೇಳೋಕೆ ಬರಲ್ಲ, ವಿಚಾರಣಾಧಿಕಾರಿಗೆ ಟ್ರಾನ್ಸ್‌ಫರ್ ಆಗತ್ತೆ, ಹೊಸಬ್ರು ಬಂದು ಮತ್ತೆ ಫೈಲ್ ಓದ್ತಾರೆ. ಅಷ್ಟರಲ್ಲಿ ಜೊತೆಗೆ ಸೇರ್ದವ್ರು ಎಎಸ್‌ಐ ಆಗಿರ್ತಾರೆ, ಇವ್ರ ಪ್ರಮೋಷನ್ ವಿಚಾರಣೆ ಮುಗಿಯೋ ತನಕ ಕವರಲ್ಲಿ ಸೀಲಾಗಿ ಕೂತಿರತ್ತೆ. ಕೊನೆಗೆ ಇನ್‌ಕ್ರಿಮೆಂಟ್ ಕಟ್. ಅದ್ರಲ್ಲೂ ಎರಡು ನಮೂನಿ ಇದೆ, ಒಂದು ಅವಧಿ ಮುಗಿದ ಮೇಲೆ ವಾಪಸ್ ಸಿಗತ್ತೆ, ಇನ್ನೊಂದು ಕ್ಯುಮುಲೇಟಿವ್ ಅಂತ, ಅದು ಬಿತ್ತು ಅಂದ್ರೆ ಮತ್ತೆ ಎದ್ದು ಬರಲ್ಲ, ಪೆನ್ಷನ್‌ವರೆಗೂ ಹೊಡೆತ. ಕೋರ್ಟಲ್ಲಿ ಕೇಸ್ ಬಿದ್ದು ಹೋದ್ರೂ ಡಿಇ ತನ್ನಷ್ಟಕ್ಕೆ ನಡೀತಾ ಇರತ್ತೆ, ಅದಕ್ಕೂ ಇದಕ್ಕೂ ಸಾಕ್ಷಿಯ ತೂಕ ಬೇರೆ ಬೇರೆ.

ಲಾಠಿ ಚಾರ್ಜ್ ಕಥೆ ಇನ್ನೂ ಕಷ್ಟ. ಕಾನೂನು ಏನೋ ಸ್ಪಷ್ಟ ಇದೆ. ಮೊದ್ಲು ಸಿಆರ್‌ಪಿಸಿ ಅಂದ್ರೆ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 129, 2024ರ ಜುಲೈಯಿಂದ ಅದ್ರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 148. ಗುಂಪು ಚದುರಿ ಅಂತ ಆದೇಶ ಕೊಡ್ಬೇಕಾದವ್ರು ಮ್ಯಾಜಿಸ್ಟ್ರೇಟ್ ಇಲ್ಲಾ ಠಾಣಾಧಿಕಾರಿ, ಅವ್ರಿಲ್ದೇ ಇದ್ರೆ ಎಸ್‌ಐಗಿಂತ ಕಮ್ಮಿ ಇಲ್ದವ್ರು. ಕಾನ್ಸ್‌ಟೇಬಲ್‌ಗೆ ತಾನೇ ತೀರ್ಮಾನ ಮಾಡೋ ಹಕ್ಕಿಲ್ಲ. 2017ರ ಡಿಸೆಂಬರಲ್ಲಿ ಹೊನ್ನಾವರದ ಗಲಾಟೆ ಕುಮಟಾಕ್ಕೆ ಹಬ್ಬಿ ಐಜಿ ಅವ್ರ ಕಾರಿಗೇ ಬೆಂಕಿ ಬಿತ್ತಲ್ಲ, ಮರುದಿನ ಶಿರಸಿಲಿ ಕಲ್ಲು ತೂರಾಟ, ಆಗ ಭಾವ ಬಂದೋಬಸ್ತಲ್ಲಿ ಇದ್ರು. ಸೊಂಟದ ಕೆಳಗೆ ಹೊಡೀಬೇಕು ಅಂತ ಟ್ರೇನಿಂಗಲ್ಲಿ ಕಲಿಸಿರ್ತಾರೆ, ಆದ್ರೆ ಹೆಲ್ಮೆಟ್ ಗಾಜು ಒಡೆದು ಬೆವರು ಕಣ್ಣಿಗಿಳೀತಾ ಇರೋವಾಗ ಎದುರಿನವ್ನು ಬಗ್ಗಿ ಕಲ್ಲು ಎತ್ಕೊಳ್ತಾನೆ, ಬಗ್ಗಿದ್ರೆ ಅವನ ಸೊಂಟ ಎಲ್ಲಿ ತಲೆ ಎಲ್ಲಿ ಅಂತ ಅಳತೆ ಮಾಡ್ಕೊಂಡು ಕೂರೋಕಾಗತ್ತಾ ಅಂತ ಕೇಳ್ತಾರೆ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ನಾನು ಆವತ್ತು ಬಾಗಿಲು ಹಾಕ್ಕೊಂಡು ಟಿವಿ ನೋಡ್ತಿದ್ದೆ. ಆದ್ರೆ ಬಿದ್ದವ್ನಿಗೆ ನಾಲ್ಕು ಜನ ಸೇರಿ ಹೊಡೆಯೋದೂ ಟಿವಿಲಿ ಕಾಣತ್ತಲ್ಲ ಭಾವ, ಅವ್ನು ಕಲ್ಲು ಎತ್ತೋ ಸ್ಥಿತಿಲಿ ಇರಲ್ವಲ್ಲ ಅಂದ್ರೆ ಸುಮ್ನಾಗ್ತಾರೆ.

ಸಿಟ್ಟು ಹೊರಗೆ ಹಾಕೋಕೂ ಇವ್ರಿಗೆ ದಾರಿ ಇಲ್ಲ ನೋಡಿ. ಬಸ್ಸಿನವ್ರಿಗೆ ಯೂನಿಯನ್ ಇದೆ, ಮೇಷ್ಟ್ರಿಗೆ ಸಂಘ ಇದೆ, ಪೊಲೀಸ್ರಿಗೆ 1966ರ ಕಾನೂನು ಅಡ್ಡ. 2016ರ ಜೂನ್ 4ಕ್ಕೆ ಎಲ್ರೂ ಒಟ್ಟಿಗೆ ರಜೆ ಹಾಕೋಣ ಅಂತ ಹೊರಟಾಗ ಎಸ್ಮಾ, ಅಂದ್ರೆ ಅಗತ್ಯ ಸೇವೆಯವ್ರು ಮುಷ್ಕರ ಮಾಡ್ಬಾರ್ದು ಅನ್ನೋ ಕಾನೂನು, ಜಾರಿ ಮಾಡಿದ್ರು. ಒಳಗೆ ಎಷ್ಟು ಕುದೀತಾ ಇರತ್ತೆ ಅಂತ ಗೊತ್ತಾಗಿದ್ದು 2023ರ ಕೊನೇಲಿ ಚಿಕ್ಕಮಗಳೂರಲ್ಲಿ. ಹೆಲ್ಮೆಟ್ ವಿಷ್ಯಕ್ಕೆ ವಕೀಲರೊಬ್ರಿಗೆ ಸ್ಟೇಷನಲ್ಲಿ ಹೊಡೆದ್ರು ಅಂತ ಪಿಎಸ್‌ಐ ಸೇರಿ ಆರು ಜನ ಸಸ್ಪೆಂಡ್ ಆದ್ರು, ಅದಾದ್ಮೇಲೆ ಪೊಲೀಸ್ರೇ ರಸ್ತೆಗಿಳಿದು ಧರಣಿ ಮಾಡಿದ್ರು. ಭಾವನಿಗೆ ಅದು ಹೆಮ್ಮೆಯ ವಿಷ್ಯ. ನಂಗೆ ಹೆದರಿಕೆಯ ವಿಷ್ಯ, ಯಾಕಂದ್ರೆ ಅಲ್ಲಿ ಹೊಡೆದ್ರು ಅನ್ನೋ ಆರೋಪ ಇದ್ದದ್ದು ಗಲಾಟೆ ನಡುವೆ ಅಲ್ಲ, ಸ್ಟೇಷನ್ ಒಳಗೆ.

ಮೇಲಿನವ್ರಿಗೆ ಯಾವತ್ತೂ ತಾಗಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. 2024ರ ಮೇನಲ್ಲಿ ಚನ್ನಗಿರಿಲಿ ಠಾಣೆಗೆ ಕರ್ಕೊಂಡು ಬಂದವ್ನು ಸತ್ತು, ಜನ ಸ್ಟೇಷನ್ ಮೇಲೆ ನುಗ್ಗಿ ಪೊಲೀಸ್ರಿಗೆ ಗಾಯ ಆದಾಗ ಡಿವೈಎಸ್ಪಿನೇ ಸಸ್ಪೆಂಡ್ ಆದ್ರು. ಕಾನೂನಿನ ರಕ್ಷಣೆನೂ ಇದೆ, ಕರ್ನಾಟಕ ಪೊಲೀಸ್ ಕಾಯ್ದೆಯ ಸೆಕ್ಷನ್ 170ರ ಪ್ರಕಾರ ಸರ್ಕಾರದ ಅನುಮತಿ ಇಲ್ದೆ ಕೇಸ್ ನಡೆಸೋಕಾಗಲ್ಲ, ಡ್ಯೂಟಿಗೆ ಸಂಬಂಧ ಇದ್ರೆ ಸ್ವಲ್ಪ ಮಿತಿ ಮೀರಿದ್ರೂ ಆ ರಕ್ಷಣೆ ಹೋಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಹೇಳಿದೆ. ಏಟು ತಿಂದವ್ನಿಗೆ ಇದನ್ನ ದಾಟಿ ಬರೋದೇ ದೊಡ್ಡ ಕಷ್ಟ. ಭಾವ ಅದಕ್ಕೆ ನಗ್ತಾರೆ, 170 ಕೋರ್ಟಿಂದ ಕಾಪಾಡತ್ತೆ, ಎಸ್ಪಿ ಆಫೀಸಿನ ಮೆಮೋ ಇಂದ ಯಾರು ಕಾಪಾಡ್ತಾರೆ ಅಂತ.

ನಂಗೆ ಅನ್ಸೋದು ಇಷ್ಟು, ಬಲ ಬಳಸಿ ಅಂತ ಹೇಳಿದ್ದು ಯಾರು, ಎಷ್ಟು ಗಂಟೆಗೆ ಅನ್ನೋದು ಸ್ಟೇಷನ್ ಡೈರಿಲಿ ಆವತ್ತೇ ಬೀಳ್ಬೇಕು. ಬಾಯಿ ಮಾತಿನ ಆರ್ಡರ್ ಇರೋ ತನಕ ಕೆಳಗಿನವ್ನೇ ಸಿಕ್ಕಿ ಬೀಳೋದು. ಎದೆ ಮೇಲೆ ಹಾಕೋ ಕ್ಯಾಮೆರಾ ಅಂದ್ರೆ ಮೊದ್ಲು ಉರಿದು ಬೀಳ್ತಿದ್ದ ಭಾವ ಈಗ ತಾವೇ ಬೇಕು ಅಂತಾರೆ, ಕಲ್ಲು ಮೊದ್ಲು ಯಾರು ಎಸೆದ್ರು ಅಂತ ಅದ್ರಲ್ಲಿ ಬರತ್ತಂತೆ. ಸರಿ, ಹಾಗಾದ್ರೆ ಲಾಕಪ್ ಕಡೆ ಸಿಸಿಟಿವಿನೂ ಸರಿ ಇರ್ಲಿ, 2020ರಲ್ಲೇ ಸುಪ್ರೀಂ ಕೋರ್ಟ್ ಎಲ್ಲಾ ಠಾಣೆಗೂ ಧ್ವನಿ ಸಮೇತ ಹಾಕಿ ಅಂದಿದೆಯಲ್ಲ ಅಂತ ನಾನಂದ್ರೆ, ಅದು ಕರೆಂಟ್ ಹೋದಾಗ ಕೆಡತ್ತೆ ಮಾರಾಯಾ ಅಂತ ಹೇಳಿ ಇನ್ನೊಂದು ಬಂಗಡೆ ಬಡಿಸ್ಕೊಳ್ತಾರೆ. ಕರೆಂಟು ಬೇಕಾದಾಗ್ಲೇ ಹೋಗತ್ತಾ ಅಂತ ಅಕ್ಕನೇ ಕೇಳಿದ್ಲು ಈ ಸಲ.