ನದಿಯ ನಡುವಿನ ಊರಿಗೊಂದು ಸೈಕಲ್ ಸುತ್ತು

ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಓಡಾಡುವವರಿಗೆ ಶ್ರೀರಂಗಪಟ್ಟಣ ಅಂದರೆ ಒಂದು ಸೇತುವೆ, ಸ್ವಲ್ಪ ಕೋಟೆ ಗೋಡೆ, ಆಮೇಲೆ ಇನ್ನೊಂದು ಸೇತುವೆ. ಅಷ್ಟರಲ್ಲಿ ಒಂದು ದ್ವೀಪ ದಾಟಿಬಿಟ್ಟಿರುತ್ತೇವೆ. ಕಾವೇರಿ ಇಲ್ಲಿ ಎರಡಾಗಿ ಒಡೆದು ಊರನ್ನು ಸುತ್ತಿಕೊಂಡು ಮತ್ತೆ ಒಂದಾಗುತ್ತದೆ. ದ್ವೀಪದ ಉದ್ದ ಸುಮಾರು 5 ಕಿ.ಮೀ., ಅಗಲ ಒಂದೂವರೆ. ಬಸ್ಸಿನಲ್ಲಿ ಕೂತರೆ ಇದು ಗೊತ್ತೇ ಆಗುವುದಿಲ್ಲ. ಸೈಕಲ್ ಮೇಲೆ ಹೋದರೆ ಯಾವ ಕಡೆ ತಿರುಗಿದರೂ ನೀರು ಅಡ್ಡ ಬರುತ್ತದೆ.

ಈ ಸುತ್ತು ಭಾವನ ಯೋಜನೆ. ಅವರ ಮನೆ ಪಾಲಹಳ್ಳಿಯಲ್ಲಿ, ನದಿಯ ದಕ್ಷಿಣ ದಂಡೆಗೆ. ಅಲ್ಲಿಂದ ಹೊರಟು, ಪಶ್ಚಿಮವಾಹಿನಿ ದಾಟಿ, ದ್ವೀಪವನ್ನು ಪೂರ್ತಿ ಸುತ್ತಿ ವಾಪಸ್. ಎಲ್ಲ ಸೇರಿ 20 ಕಿ.ಮೀ. ಆಚೀಚೆ. ಏರು ಅನ್ನುವಂಥದ್ದು ಸೇತುವೆ ಹತ್ತುವಾಗ ಮಾತ್ರ. ಅವರಿಗೆ ಹಳೇ ಅಟ್ಲಾಸ್, ನನಗೆ ಅವರ ಮಗನ ಗೇರ್ ಸೈಕಲ್. ಆ ಗೇರನ್ನು ನಾನು ಮುಟ್ಟಲೇ ಇಲ್ಲ.

ಡಿಸೆಂಬರ್ ತಿಂಗಳು. ಭತ್ತದ ಕೊಯ್ಲು ಮುಗಿಯುತ್ತಾ ಬಂದಿತ್ತು. ವಿರಿಜಾ ನಾಲೆ ಕಡೆಯ ಗದ್ದೆಗಳಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ರಸ್ತೆ ಮೇಲೆ ಅಲ್ಲಲ್ಲಿ ಹುರುಳಿ ಹಾಸಿದ್ದರು. ಓಡಾಡುವ ಗಾಡಿಗಳೇ ತುಳಿದು ಒಕ್ಕಣೆ ಮಾಡಿಕೊಡುತ್ತವೆ. ಕಾರಿನವರು ಸರ್ರನೆ ಹೋಗಿಬಿಡುತ್ತಾರೆ, ಸೈಕಲ್ ಚಕ್ರಕ್ಕೆ ಮಾತ್ರ ಆ ಬಳ್ಳಿ ಸುತ್ತಿಕೊಳ್ಳುತ್ತದೆ. ಇಳಿದು ಬಿಡಿಸುತ್ತಾ ನಿಂತಾಗ ಹುರುಳಿ ಸರಿಮಾಡುತ್ತಿದ್ದ ಹೆಂಗಸು ಕೇಳಿದರು, "ಯಾಕಣ್ಣ, ಪೆಟ್ರೋಲ್ ಜಾಸ್ತಿ ಆಯ್ತು ಅಂತ ಸೈಕಲ್ಲಾ?" ಭಾವ ನಗುತ್ತಾ "ಊ ಕಣಕ್ಕ, ಇವ್ರು ಬೆಂಗಳೂರಿಂದ ಬಂದವ್ರೆ, ಅವ್ರಿಗೆ ಇದೇ ಖುಷಿ" ಅಂದರು.

ಪಶ್ಚಿಮವಾಹಿನಿಯಲ್ಲಿ ಅಷ್ಟು ಬೆಳಿಗ್ಗೆಯೇ ಅಸ್ಥಿ ಬಿಡಲು ಬಂದವರ ಗುಂಪು ಇತ್ತು. ಪೂರ್ವಕ್ಕೆ ಹರಿಯುವ ಕಾವೇರಿ ಈ ಜಾಗದಲ್ಲಿ ಪಶ್ಚಿಮಕ್ಕೆ ತಿರುಗುತ್ತಾಳೆ, ಅದಕ್ಕೇ ಈ ಹೆಸರು, ಅದಕ್ಕೇ ಈ ಜನ. ನಾವು ನಿಲ್ಲಲಿಲ್ಲ.

ಕೋಟೆಯ ಪಶ್ಚಿಮದ ತುದಿಗೆ ಮಾತ್ರ ಹೋಗಲೇಬೇಕು ಅಂತ ನನ್ನ ಹಟ. ಪ್ರವಾಸಿಗಳು ಅಲ್ಲಿಗೆ ಕಡಿಮೆ. 1799ರ ಮೇ 4ರಂದು ಬ್ರಿಟಿಷ್ ಸೇನೆ ಗೋಡೆ ಒಡೆದು ಒಳಗೆ ನುಗ್ಗಿದ್ದು ಈ ಕಡೆಯಿಂದ. ಮಧ್ಯಾಹ್ನದ ಹೊತ್ತಿಗೆ ನದಿಗೆ ಇಳಿದು, ಬಂಡೆಗಳ ನಡುವೆ ನಡೆದೇ ದಾಟಿದರು. ಟಿಪ್ಪು ಸತ್ತಿದ್ದು ಅವತ್ತೇ. ಗೋಡೆ ಮೇಲೆ ನಿಂತು ಕೆಳಗಿನ ನೀರು ನೋಡಿದರೆ, ನಡೆದು ದಾಟಿದರು ಅನ್ನುವುದು ನಂಬುವ ಮಾತಲ್ಲ ಅನಿಸುತ್ತದೆ. ಆದರೆ ಅದು ಮಳೆಗೆ ಮುಂಚಿನ ಬೇಸಿಗೆ, ಆಗ ಮೇಲೆ ಕನ್ನಂಬಾಡಿ ಕಟ್ಟೆಯೂ ಇರಲಿಲ್ಲ. ಅದಕ್ಕೂ ಮುಂಚೆ 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಅರಕೆರೆ ಹತ್ತಿರ ಯುದ್ಧ ಗೆದ್ದೂ, ಮಳೆ, ತುಂಬಿದ ಹೊಳೆ, ಹಸಿವು ಮೂರೂ ಸೇರಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದೆ ಸರಿಯಬೇಕಾಯಿತು. ಪಠ್ಯಪುಸ್ತಕದಲ್ಲಿ ರಾಜರು, ಸೇನಾಪತಿಗಳ ಹೆಸರು ಬರುತ್ತದೆ. ನದಿಯಲ್ಲಿ ಆಗ ನೀರೆಷ್ಟಿತ್ತು ಅಂತ ಯಾರೂ ಹೇಳಿಕೊಡಲಿಲ್ಲ.

ಊರೊಳಗೆ ರೈಲು ಹಳಿ ಕೋಟೆಯನ್ನೇ ಸೀಳಿಕೊಂಡು ಹೋಗುತ್ತದೆ. ಜೋಡಿ ಹಳಿ ಹಾಕಲು ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದುಗುಂಡಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಒಂದು ಇಟ್ಟಿಗೆ ಕಟ್ಟಡ ಜಾಗ ಬದಲಾಯಿಸಿದ್ದನ್ನು ಭಾವ ತಮ್ಮದೇ ಸಾಧನೆ ಅನ್ನುವ ಹಾಗೆ ವಿವರಿಸಿದರು. ರಂಗನಾಥನಿಗೆ ಹೊರಗಿನಿಂದಲೇ ಕೈಮುಗಿದೆವು. ಸಾಲು ಉದ್ದ ಇತ್ತು.

ಅಲ್ಲಿಂದ ಸ್ವಲ್ಪವೇ ದೂರ ಕರ್ನಲ್ ಬೇಲಿ ಅನ್ನುವ ಇಂಗ್ಲಿಷ್ ಸೇನಾಧಿಕಾರಿಯ ಹೆಸರಿನ ಸೆರೆಮನೆ. ಗೋಡೆಯ ಕೆಳಗೆ ಕಮಾನಿನ ಚಾವಣಿ, ಗೋಡೆಯಿಂದ ಚಾಚಿಕೊಂಡ ಕಲ್ಲುಗಳು, ಅವುಗಳಲ್ಲಿ ಕೈ ಕಟ್ಟಲು ತೂತುಗಳು. ಈ ಬೇಲಿ 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರಾಲಿ, ಟಿಪ್ಪು ಸೇನೆಗೆ ಸೋತು ಸೆರೆಯಾದವನು, 1782ರಲ್ಲಿ ಸೆರೆಯಲ್ಲೇ ಸತ್ತ. ಇದನ್ನು ನೋಡಿದ ಮೇಲೆ ದರಿಯಾ ದೌಲತ್‌ಗೆ ಹೋಗಬೇಕು, ಅದಕ್ಕೂ ಮುಂಚೆ ಅಲ್ಲ. 1784ರ ಆ ತೇಗದ ಅರಮನೆಯ ಪಶ್ಚಿಮ ಗೋಡೆ ತುಂಬಾ ಅದೇ ಪೊಲ್ಲಿಲೂರು ಯುದ್ಧದ ಚಿತ್ರ. ನಡುವೆ ಚೌಕಾಕಾರವಾಗಿ ನಿಂತ ಇಂಗ್ಲಿಷ್ ಸೈನಿಕರು, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡಿರುವ ಬೇಲಿ. ಚಿತ್ರ ಬರೆದವನಿಗೆ ಆ ಬೆರಳಿನ ಮೇಲೆ ತುಂಬಾ ಪ್ರೀತಿ ಇದ್ದಿರಬೇಕು. ನಾನು ಅಲ್ಲೇ ಜಾಸ್ತಿ ಹೊತ್ತು ನಿಂತೆ. ಭಾವ ಹೊರಗೆ ಹುಲ್ಲಿನ ಮೇಲೆ ಮಲಗಿದ್ದರು.

ಗಂಜಾಮ್‌ನಿಂದಾಚೆಗೆ ಸವಾರಿ ನಿಜವಾಗಿ ಚೆನ್ನಾಗಿದೆ. ಮನೆಗಳು ಕಡಿಮೆಯಾಗಿ ಗದ್ದೆ, ತೆಂಗು, ಬಾಳೆ ಶುರುವಾಗುತ್ತವೆ. ಸುತ್ತಲೂ ಹೊಳೆ ಇದ್ದರೂ ದ್ವೀಪದ ಗದ್ದೆಗೆ ನೀರು ಹತ್ತಿಸುವುದು ಸುಲಭವಲ್ಲ, ಹೊಳೆ ತಗ್ಗಿನಲ್ಲಿದೆ ಅಲ್ವಾ. ಅದಕ್ಕೆ 17ನೇ ಶತಮಾನದಲ್ಲೇ ಕಂಠೀರವ ನರಸರಾಜ ಒಡೆಯರು ಬಂಗಾರದೊಡ್ಡಿ ನಾಲೆ ತೆಗೆಸಿದರು. ಆ ನಾಲೆ ಕಾವೇರಿಯ ಒಂದು ಕವಲನ್ನು ಮೇಲಿನಿಂದ ದಾಟಿ ದ್ವೀಪಕ್ಕೆ ಬರುತ್ತದೆ. ಹೊಳೆಯ ನೀರೇ ಹೊಳೆಯ ಮೇಲೆ ಹಾದುಬರುವ ಈ ಕೆಲಸಕ್ಕೆ ಟಿಕೆಟ್ ಇಲ್ಲ, ಗೈಡ್ ಇಲ್ಲ, ನೋಡುವವರೂ ಇಲ್ಲ. ನನಗಂತೂ ಗುಂಬಜ್‌ನ ಕಪ್ಪು ಕಲ್ಲಿನ ಕಂಬಗಳಿಗಿಂತ ಇದೇ ದೊಡ್ಡದಾಗಿ ಕಂಡಿತು. ಗುಂಬಜ್ ಕೆಟ್ಟದ್ದು ಅಂತಲ್ಲ. ಹೈದರಾಲಿ, ಅವನ ಹೆಂಡತಿ, ಟಿಪ್ಪು ಮೂವರ ಗೋರಿಯೂ ಅಲ್ಲೇ ಇದೆ. ಒಳಗೋಡೆಗೆ ಬಳಿದಿರುವ ಹುಲಿಪಟ್ಟೆಗಾಗಿಯಾದರೂ ಹೋಗಬೇಕು.

ಸಂಗಮದಲ್ಲಿ ದ್ವೀಪ ಮುಗಿಯುತ್ತದೆ. ಎರಡು ಕವಲು ಬಂದು ಸೇರುವ ಮೂಲೆಯಲ್ಲಿ ತೆಪ್ಪದವರು, ಪಿಂಡ ಬಿಡುವವರು, ಸೋಪು ಹಚ್ಚಿಕೊಂಡ ಮಕ್ಕಳು, ಪ್ಲಾಸ್ಟಿಕ್ ಕವರುಗಳು. ತೆಪ್ಪದವರು ಕರೆದರು. ಸೈಕಲ್ಲನ್ನೂ ಹತ್ತಿಸಿಕೊಳ್ಳುತ್ತೀಯಾ ಅಂತ ಭಾವ ಕೇಳಿದ್ದಕ್ಕೆ ಆತ ನಿಜವಾಗಿಯೂ ಯೋಚನೆ ಮಾಡಿದ.

ವಾಪಸ್ ಬರುವಾಗ ನಿಮಿಷಾಂಬ ಗುಡಿ ಕಡೆಯ ದಾರಿ ಹಿಡಿದೆವು. ಮೆಟ್ಟಿಲ ಮೇಲೆ ಜನ ಮೀನಿಗೆ ಪುರಿ ಎಸೆಯುತ್ತಿದ್ದರು. ಎದುರು ದಂಡೆಯಾಚೆ ಕರಿಘಟ್ಟ ಕಾಣುತ್ತಿತ್ತು. ಹತ್ತೋಣವೇ ಅಂದೆ. ಭಾವನಿಗೆ ಆ ಮಾತು ಕೇಳಿಸಲಿಲ್ಲ.

ಪಾಲಹಳ್ಳಿ ಹತ್ತಿರ ಬಂದಾಗ ಆಲೆಮನೆ ಹೊಗೆ ಕಂಡು ತಿರುಗಿದೆವು. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಇದೇ ಪಾಲಹಳ್ಳಿಯಲ್ಲಿ 1847ರಲ್ಲೇ ರೈತರ ಬೆಲ್ಲ ಕೊಂಡು ಸಕ್ಕರೆ ಮಾಡುವ ಅಷ್ಟಗ್ರಾಮ ಕಾರ್ಖಾನೆ ಶುರುವಾಗಿತ್ತು ಅಂತ ಓದಿದ್ದೆ. ಅದನ್ನು ಹೇಳಲು ಹೊರಟೆ. ಅಷ್ಟರಲ್ಲಿ ನಿಂಬೆ ಹಿಂಡಿದ ಕಬ್ಬಿನ ಹಾಲು ಬಂತು. ಭಾವ ಎರಡು ಲೋಟ ಕುಡಿದು ಹೊಟ್ಟೆ ಸವರಿಕೊಂಡು, "ಇನ್ನು ತುಳಿಯಕ್ಕಾಗಲ್ಲ ಕಣಪ್ಪಾ, ತಳ್ಕೊಂಡೇ ಹೋಗನ" ಅಂದರು.